ಪಂಡಿತಾ ರಮಾಬಾಯಿ: ಕಥೆಯ ಇನ್ನೊಂದು ಅರ್ಧ

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋದವರಿಗೆ ಗೊತ್ತು, ದೌಂಡ ದಾಟಿ ಸ್ವಲ್ಪ ಹೊತ್ತಿಗೆ ಕೇಡಗಾಂವ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ವೇಗದ ಗಾಡಿಗಳು ಹೆಚ್ಚಾಗಿ ಅಲ್ಲಿ ನಿಲ್ಲುವುದಿಲ್ಲ. ತರಬೇತಿ, ಕಚೇರಿ ಕೆಲಸ ಅಂತ ನಾವು ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅದೇ ಊರಿನಲ್ಲಿ. ಆ ಹೆಣ್ಣುಮಗಳು ಹುಟ್ಟಿದ್ದು ಮಾತ್ರ ನಮ್ಮ ಕನ್ನಡ ನಾಡಿನ ಮಲೆನಾಡಿನಲ್ಲಿ. ಇದನ್ನು ಹೇಳಿದರೆ ಎರಡೂ ಕಡೆಯವರು "ಹೌದಾ?" ಎಂದು ಹುಬ್ಬೇರಿಸುತ್ತಾರೆ!

ನಾವು ಅಂದರೆ ಅಕ್ಕಲಕೋಟ ಸೀಮೆಯ ಒಂದು ಕನ್ನಡ ಶಾಲೆಯ ನಾಲ್ಕು ಜನ ಶಿಕ್ಷಕರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ನಮ್ಮೊಳಗೆ ಜಗಳ ಬಂದರೆ ಎರಡೂ. ನಮ್ಮಲ್ಲಿ ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ಮುಸಲ್ಮಾನರಿದ್ದಾರೆ. ಕ್ರೈಸ್ತರು ಒಬ್ಬರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಬರೆಯುವುದು ಒಬ್ಬ ಹೆಂಗಸು ಕ್ರಿಸ್ತನನ್ನು ಕಂಡುಕೊಂಡ ಕಥೆ. ಓದಿದವರು "ಇವರ್ಯಾಕೆ ಇದನ್ನು ಬರೆದರು?" ಎಂದು ಕೇಳಬಹುದು.

ಬರೆಯಲಿಕ್ಕೆ ಕಾರಣ ಆರನೆಯ ಇಯತ್ತೆಯ ಒಬ್ಬ ಹುಡುಗಿ.

ಆಕೆಯ ತಂದೆ ಕುಡಿತದಿಂದ ತೀರಿಕೊಂಡಿದ್ದರು. ತಾಯಿ ಕಂಡವರ ಹೊಲದಲ್ಲಿ ಕಳೆ ತೆಗೆದು ಎರಡು ಮಕ್ಕಳನ್ನು ಸಾಕುತ್ತಿದ್ದರು. ಕೆಲವು ತಿಂಗಳಿನಿಂದ ಆ ತಾಯಿ ಪ್ರತಿ ರವಿವಾರ ಪ್ರಾರ್ಥನೆಗೆ ಹೋಗಲು ಶುರು ಮಾಡಿದ್ದರು. ಊರಲ್ಲಿ ಮಾತು ಹುಟ್ಟಿತು. ದೊಡ್ಡವರು ಕಟ್ಟೆಯ ಮೇಲೆ ಆಡಿದ ಮಾತು ಮರುದಿನ ಶಾಲೆಗೆ ಬರುತ್ತದೆ, ಇದು ಎಲ್ಲ ಶಿಕ್ಷಕರಿಗೂ ತಿಳಿದದ್ದೇ. ಒಂದು ದಿನ ಸಮಾಜ ಸುಧಾರಕರ ಪಾಠ ನಡೆದಿತ್ತು. ಸಾವಿತ್ರಿಬಾಯಿ ಫುಲೆ, ಮಹರ್ಷಿ ಕರ್ವೆ, ಪಂಡಿತಾ ರಮಾಬಾಯಿ ಎಂದು ಹೆಸರು ಬಂದ ಕೂಡಲೇ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಗುರೂಜಿ, ರಮಾಬಾಯಿ ಕಿರಿಸ್ತಾನ ಆಗಿದ್ಲಂತ ಖರೇನ್ರಿ? ಈಕಿ ಅವ್ವನೂ ಅಕ್ಕಿ-ಬ್ಯಾಳಿ ಸಲುವಾಗಿ ಆಗ್ಯಾಳಂತ್ರಿ" ಎಂದ. ವರ್ಗವೆಲ್ಲ ನಕ್ಕಿತು.

ಹುಡುಗಿ ಅಳಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದಳು, "ಗುರೂಜಿ, ರಮಾಬಾಯಿನೂ ಅಕ್ಕಿ ಸಲುವಾಗಿ ಹೋಗಿದ್ಲೇನ್ರಿ?"

ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಸವಿ, ಸಂಸ್ಥೆಯ ಹೆಸರು, ವಿಧವೆಯರ ಶಿಕ್ಷಣ, ಇಷ್ಟು ಹೇಳಿ ಪಾಠ ಮುಂದಿನ ಹೆಸರಿಗೆ ಹೋಗುತ್ತದೆ. ರಮಾಬಾಯಿ ಏನು ನಂಬಿದರು, ಏಕೆ ನಂಬಿದರು ಎಂಬುದು ಪಾಠದ ಹೊರಗೆ ಉಳಿಯುತ್ತದೆ. ಚರ್ಚಿನ ಕಡೆಯಿಂದ ಈ ಕಥೆ ಕೇಳಿದರೆ ಅಲ್ಲಿ ಇನ್ನೊಂದು ಅರ್ಧ ಬಿಟ್ಟುಹೋಗಿರುತ್ತದೆ. ಆಕೆಯ ಸಂಸ್ಕೃತ ಪಾಂಡಿತ್ಯ, ಆಕೆ ಪಾದ್ರಿಗಳ ಜೊತೆ ಮಾಡಿದ ವಾದ ಅಲ್ಲಿ ಕಡಿಮೆ ಕೇಳಿಸುತ್ತದೆ. ಆ ದಿನ ನಾವು ಸ್ಟಾಫ್ ರೂಮಿನಲ್ಲಿ ಕೂತು ಮಾತಾಡಿಕೊಂಡೆವು. ಪುಸ್ತಕ ಹುಡುಕಿ ತಂದೆವು. ಮೂರು ದಿನ ಕೊನೆಯ ತಾಸಿನಲ್ಲಿ ಆರು ಮತ್ತು ಏಳನೆಯ ಇಯತ್ತೆಯ ಮಕ್ಕಳನ್ನು ಒಟ್ಟಿಗೆ ಕೂಡಿಸಿ ಇಡೀ ಕಥೆ ಹೇಳಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕಾರ್ಕಳದ ಹತ್ತಿರದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಪೇಶ್ವೆಯವರ ಮನೆಯ ರಾಣಿಗೆ ತಮ್ಮ ಗುರುಗಳು ಸಂಸ್ಕೃತ ಕಲಿಸುವುದನ್ನು ಕಂಡಿದ್ದ ಅವರು ತಾವೂ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸರಿಗೆ ದೇವಭಾಷೆ ಕಲಿಸುವುದೇ ಎಂದು ಜನ ತಿರುಗಿಬಿದ್ದರು. ಶಾಸ್ತ್ರಿಗಳು ಊರನ್ನೇ ಬಿಟ್ಟು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗವದು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಕೂಸಿಗೆ ಆರು ತಿಂಗಳಾಗುವಾಗ ಅಲ್ಲಿಯೂ ಇರುವ ಹಾಗಿರಲಿಲ್ಲ. ಅವಳನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊರಿಸಿಕೊಂಡು ಸಂಸಾರ ಘಟ್ಟ ಇಳಿಯಿತು.

ಅಲ್ಲಿಂದ ಮುಂದೆ ಅವರಿಗೆ ಮನೆ ಅಂತ ಇರಲಿಲ್ಲ. ಊರೂರು, ಕ್ಷೇತ್ರ ಕ್ಷೇತ್ರ ತಿರುಗುತ್ತ ಪುರಾಣ ಹೇಳುವುದು, ಜನ ಕೊಟ್ಟದ್ದರಲ್ಲಿ ಬದುಕುವುದು. ತಾಯಿ ನಡೆಯುವ ದಾರಿಯಲ್ಲೇ ಮಗಳಿಗೆ ಸಂಸ್ಕೃತ ಕಲಿಸಿದರು. ಹನ್ನೆರಡು ವರ್ಷಕ್ಕೆಲ್ಲ ಭಾಗವತದ 18,000 ಶ್ಲೋಕ ಹುಡುಗಿಗೆ ಬಾಯಿಪಾಠ. ತಿರುಗಾಟದಲ್ಲೇ ಕನ್ನಡ, ಹಿಂದುಸ್ತಾನಿ, ಬಂಗಾಳಿಯೂ ಬಂದವು. "ನಮ್ಮಂಗ ಎರಡ್ಮೂರು ಭಾಷಾ ಬರ್ತಿತ್ತಲ್ರಿ ಆಕಿಗೆ!" ಎಂದು ನಮ್ಮ ಮಕ್ಕಳಿಗೆ ಬಹಳ ಖುಷಿಯಾಯಿತು.

ಆಮೇಲೆ ಬರ ಬಂತು.

ಬರ ಅಂದರೆ ಏನೆಂದು ನಮ್ಮ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ಮಕ್ಕಳು ಇವರು. ಆದರೆ 1870ರ ದಶಕದ ಬರ ಬೇರೆಯೇ ತರಹದ್ದು. ಇದ್ದ ಹಣವೆಲ್ಲ ಖರ್ಚಾಯಿತು, ಪಾತ್ರೆ ಪಗಡ ಮಾರಿದರು. ಶಾಸ್ತ್ರದಲ್ಲಿ ಹೇಳಿದ ವ್ರತ, ಸ್ನಾನ, ಜಪ, ದಾನ ಎಲ್ಲವನ್ನೂ ಮಾಡಿದರು. ಕೈಯಲ್ಲಿ ಏನೂ ಉಳಿಯದೇ ಹೋದಾಗ ತಿರುಪತಿ ಕಡೆಯ ಕಾಡು ಸೇರಿದರು. ಹನ್ನೊಂದು ದಿನ ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಈಚಲ ಹಣ್ಣು, ಇಷ್ಟರಲ್ಲೇ ಇದ್ದರು ಎಂದು ರಮಾಬಾಯಿ 1907ರಲ್ಲಿ ಬರೆದ ತಮ್ಮ ಆತ್ಮನಿವೇದನೆಯಲ್ಲಿ ಹೇಳಿದ್ದಾರೆ. ಕಣ್ಣು ಕಾಣದ ಮುದುಕ ತಂದೆ ತೀರ್ಥದಲ್ಲಿ ಮುಳುಗಿ ಪ್ರಾಣ ಬಿಡಲು ಹೊರಟಾಗ ಮಗ ಶ್ರೀನಿವಾಸ ತಡೆದ. ಜಾತಿಯ ಹೆಮ್ಮೆ ಬದಿಗಿಟ್ಟು ಕೂಲಿ ಮಾಡಿ ಎಲ್ಲರನ್ನೂ ಸಾಕುತ್ತೇನೆಂದ. ಆದರೂ ತಂದೆ ಹೆಚ್ಚು ದಿನ ಉಳಿಯಲಿಲ್ಲ. ಕಿರಿಯ ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ ಎಂದು ಹೇಳಿ ಕಣ್ಣು ಮುಚ್ಚಿದರು.

ಉಳಿದವರು ನಡೆಯುತ್ತ ನಮ್ಮ ರಾಯಚೂರಿಗೆ ಬಂದರು. ಅಲ್ಲಿ ತಾಯಿಗೆ ಜ್ವರ. ತಾಯಿ ತಿನ್ನಲಿಕ್ಕೆ ಏನಾದರೂ ಕೊಡಿ ಎಂದು ಅಂಗಲಾಚುವಾಗ ರಮಾಬಾಯಿ ಪಕ್ಕದ ಮನೆಗೆ ಹೋದರು. ಬೇಡಿ ಗೊತ್ತಿಲ್ಲದ ಹುಡುಗಿ. ಬಾಯಿಂದ ಮಾತೇ ಹೊರಡಲಿಲ್ಲ, ಕಣ್ಣೀರು ಮಾತ್ರ ಬಂತು. ಆ ಮನೆಯ ತಾಯಿ ಅರ್ಥ ಮಾಡಿಕೊಂಡು ಒಂದು ತುಂಡು ಸಜ್ಜಿ ರೊಟ್ಟಿ ಕೊಟ್ಟರು. ಓಡಿ ತಂದು ತಾಯಿಯ ಬಾಯಿಗಿಟ್ಟರೆ ತಾಯಿಗೆ ಅದನ್ನು ನುಂಗುವ ಶಕ್ತಿಯೂ ಉಳಿದಿರಲಿಲ್ಲ.

ಇಲ್ಲಿಗೆ ಬಂದಾಗ ವರ್ಗದಲ್ಲಿ ಒಂದು ಸದ್ದಿಲ್ಲ. ಸಜ್ಜಿ ರೊಟ್ಟಿ ನಮ್ಮ ಮಕ್ಕಳ ಡಬ್ಬಿಯಲ್ಲೂ ಇರುತ್ತದೆ ನೋಡಿ.

ತಾಯಿ ಹೋದರು. ಕೆಲವು ತಿಂಗಳಿಗೆ ಅಕ್ಕ ಕೃಷ್ಣಾಬಾಯಿ ಕಾಲರಾದಿಂದ ಹೋದರು. ಉಳಿದ ಅಣ್ಣ-ತಂಗಿ ಸಾವಿರಾರು ಮೈಲಿ ನಡೆದರು. ಪಂಜಾಬಿನ ಝೇಲಂ ನದಿಯ ದಂಡೆಯಲ್ಲಿ ಹೊದೆಯಲು ಏನೂ ಇಲ್ಲದೆ, ಮರಳಲ್ಲಿ ಎರಡು ಗುಂಡಿ ತೋಡಿ, ತಲೆಯಷ್ಟೇ ಹೊರಗಿಟ್ಟು ಮೈಮೇಲೆ ಒಣ ಮರಳು ಎಳೆದುಕೊಂಡು ರಾತ್ರಿ ಕಳೆದರು.

ಇಲ್ಲಿ ನಾವು ಕಥೆ ನಿಲ್ಲಿಸಿ ಮಕ್ಕಳನ್ನು ಕೇಳಿದೆವು: "ಈಗ ಹೇಳ್ರಿ, ಇಷ್ಟು ಹಸಿದಾಗ ರಮಾಬಾಯಿ ಧರ್ಮ ಬದಲಿಸಿದ್ರೇನು?" ಇಲ್ಲ. ಹಸಿವಿನ ವರ್ಷಗಳಲ್ಲಿ ಆಕೆ ಯಾವ ಧರ್ಮಕ್ಕೂ ಹೋಗಲಿಲ್ಲ. ಹಳೆಯ ನಂಬಿಕೆ ಸಡಿಲವಾಯಿತು, ಅಷ್ಟೇ. ಅದರ ಜಾಗಕ್ಕೆ ಹೊಸದೇನೂ ಬಂದಿರಲಿಲ್ಲ.

1878ರಲ್ಲಿ ಅಣ್ಣ-ತಂಗಿ ಕಲ್ಕತ್ತೆಗೆ ಹೋದರು. ಇಪ್ಪತ್ತು ವರ್ಷದ ಹೆಣ್ಣುಮಗಳ ಸಂಸ್ಕೃತ ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾದರು. "ಪಂಡಿತಾ", "ಸರಸ್ವತಿ" ಎಂಬ ಬಿರುದು ಸಿಕ್ಕಿತು. ಕ್ರೈಸ್ತರನ್ನು ಹತ್ತಿರದಿಂದ ನೋಡಿದ್ದೂ ಅಲ್ಲಿಯೇ. ಒಂದು ಕೂಟದಲ್ಲಿ ಅವರೆಲ್ಲ ಕುರ್ಚಿಯ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ಕಂಡು, ಓಹೋ, ಇವರು ಕುರ್ಚಿಗೆ ಪೂಜೆ ಮಾಡುತ್ತಾರೆ ಎಂದುಕೊಂಡರಂತೆ! ಮಕ್ಕಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಲ್ಲಿ ಕೊಟ್ಟ ಸಂಸ್ಕೃತ ಬೈಬಲ್ಲು ಆಕೆಗೆ ತಲೆಗೆ ಹತ್ತಲೇ ಇಲ್ಲ.

ಹೆಂಗಸರಿಗೆ ಉಪನ್ಯಾಸ ಮಾಡಲೆಂದು ಧರ್ಮಶಾಸ್ತ್ರಗಳನ್ನು ಓದಿದಾಗ ಮಾತ್ರ ಆಕೆಯ ಮನಸ್ಸು ಕಹಿಯಾಯಿತು. ತಾನು ಓದುತ್ತಿರುವ ಶಾಸ್ತ್ರವೇ ತನ್ನಂಥ ಹೆಂಗಸಿಗೂ ಶೂದ್ರನಿಗೂ ಬಾಗಿಲು ಹಾಕಿದೆ ಎಂದು ಆಕೆಗೆ ಕಂಡಿತು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಜಾತಿ ಮೀರಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತನಾಲ್ಕು ತುಂಬುವ ಮೊದಲೇ ರಮಾಬಾಯಿ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡಿದ್ದರು. ಕೈಯಲ್ಲಿ ಹಾಲು ಕುಡಿಯುವ ಕೂಸು.

ಸಿಲ್ಚಾರಿನ ಮನೆಯಲ್ಲಿದ್ದ ಪುಸ್ತಕಗಳ ನಡುವೆ ಬಂಗಾಳಿಯ ಸಣ್ಣದೊಂದು ಲೂಕನ ಸುವಾರ್ತೆ ಆಕೆಗೆ ಸಿಕ್ಕಿತ್ತು. ಯಾರೂ ಓದು ಎಂದಿರಲಿಲ್ಲ. ತಾನಾಗಿಯೇ ಓದಿದರು, ಹಿಡಿಸಿತು. ಅಷ್ಟಕ್ಕೇ ಕ್ರೈಸ್ತರಾಗಲಿಲ್ಲ. ಪುಣೆಗೆ ಬಂದರು, 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, ಮರಾಠಿಯಲ್ಲಿ 'ಸ್ತ್ರೀ ಧರ್ಮನೀತಿ' ಎಂಬ ಪುಸ್ತಕ ಬರೆದರು. ಆ ಪುಸ್ತಕ ಮಾರಿ ಬಂದ ಹಣದಲ್ಲಿ 1883ರಲ್ಲಿ ಮಗಳ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಹೋಗುವಾಗ ಧರ್ಮ ಬದಲಿಸುವ ಮಾತೇ ಇಲ್ಲ ಎನ್ನುತ್ತಿದ್ದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಉಳಿದರು. ಉಂಡ ಅನ್ನಕ್ಕೆ ಬದಲಾಗಿ, ಹಿಂದುಸ್ತಾನಕ್ಕೆ ಬರಲಿದ್ದ ಸಹೋದರಿಯರಿಗೆ ಮರಾಠಿ ಕಲಿಸುವ ಒಪ್ಪಂದ.

ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಹಡಗಿನ ಖರ್ಚು ತನ್ನ ಪುಸ್ತಕದ್ದು. ಊಟಕ್ಕೆ ಬದಲು ಪಾಠ.

ಹಾಗಾದರೆ ಮನಸ್ಸು ತಿರುಗಿದ್ದು ಎಲ್ಲಿ? ಸಹೋದರಿಯರು ಆಕೆಯನ್ನು ಲಂಡನ್ನಿನ ಫುಲ್ಹಾಮ್‌ಗೆ ಕರೆದುಕೊಂಡು ಹೋದರು. ದಾರಿ ತಪ್ಪಿದವರು ಎಂದು ಸಮಾಜ ತಳ್ಳಿದ ಹೆಂಗಸರಿಗಾಗಿ ನಡೆಸುತ್ತಿದ್ದ ಆಶ್ರಯವೊಂದು ಅಲ್ಲಿತ್ತು. ಒಂದು ಕಾಲಕ್ಕೆ ಅಂಥ ಬದುಕಿನಲ್ಲಿದ್ದವರೇ ಈಗ ರೋಗಿಗಳ ಸೇವೆ ಮಾಡುತ್ತಿದ್ದರು. ಇಂಥ ಹೆಂಗಸರನ್ನು ಪ್ರೀತಿಯಿಂದ ಕಾಣುವುದನ್ನು ರಮಾಬಾಯಿ ಅಲ್ಲಿಯವರೆಗೆ ಕಂಡಿರಲಿಲ್ಲ. ಏಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಒಬ್ಬ ಸಹೋದರಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ಓದಿ ತೋರಿಸಿದರು. ಯೇಸು ಬಾವಿಯ ದಂಡೆಯಲ್ಲಿ ಕೂತು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುವ ಕಥೆ. ಆ ಹೆಂಗಸಿನ ಜಾತಿಯವರ ಕೈಯ ನೀರನ್ನು ಯೆಹೂದ್ಯರು ಮುಟ್ಟುತ್ತಿರಲಿಲ್ಲ. ಆಕೆಯ ಸಂಸಾರದ ಕಥೆಯೂ ಒಡೆದದ್ದೇ. ಅಂಥವಳ ಜೊತೆ ಯೇಸು ಕೂತು ಧರ್ಮದ ಮಾತಾಡುತ್ತಾನೆ. ಶಾಸ್ತ್ರ ಕೇಳಲೂ ಹೆಂಗಸಿಗೆ ಹಕ್ಕಿಲ್ಲ ಎಂದು ಓದಿ ಬಂದಿದ್ದ ಪಂಡಿತೆಗೆ ಆ ಬಾವಿಯ ದಂಡೆ ಏನು ಅನ್ನಿಸಿರಬೇಕು, ನೀವೇ ಯೋಚಿಸಿ. 1883ರ ಸೆಪ್ಟೆಂಬರ್ 29ರಂದು ತಾಯಿ-ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಸಾಮಾನ್ಯವಾಗಿ ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಕಷ್ಟ ಬಂತು, ದೇವರು ಸಿಕ್ಕ, ಎಲ್ಲ ಸುಖ. ರಮಾಬಾಯಿಯ ಕಥೆ ಹಾಗೆ ಮುಗಿಯುವುದಿಲ್ಲ. ನಮಗೆ ಹಿಡಿಸಿದ್ದೂ ಅದೇ. ದೀಕ್ಷೆಯ ಮರುದಿನದಿಂದ ಆಕೆ ವಾದ ಶುರು ಮಾಡಿದರು. ಒಬ್ಬನೇ ದೇವರು ಎಂದ ಮೇಲೆ ಮೂವರು ಹೇಗೆ? ಬೈಬಲ್ಲಿನಲ್ಲಿ ಇಲ್ಲದ್ದನ್ನು ಚರ್ಚು ಹೇಳಿದರೆ ಏಕೆ ಒಪ್ಪಬೇಕು? ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಇರಲಿ ಎಂದರು. ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಇದು ಜಾತಿಯ ಅಹಂಕಾರ ಎಂದು ಆಕ್ಷೇಪ ಬಂದರೂ ಬಿಡಲಿಲ್ಲ. ನಮ್ಮ ನಾಡಿನ ಪುರೋಹಿತರ ನೊಗವನ್ನು ಈಗಷ್ಟೇ ಇಳಿಸಿ ಬಂದಿದ್ದೇನೆ, ಇನ್ನೊಬ್ಬರ ನೊಗ ಹೊರಲಾರೆ ಎಂಬ ಅರ್ಥದಲ್ಲಿ ಸಹೋದರಿ ಜೆರಾಲ್ಡಿನ್ ಅವರಿಗೆ ಪತ್ರ ಬರೆದರು. ಎಂಟು ವರ್ಷಗಳ ಮೇಲೆ, 1891ರ ಸುಮಾರಿಗೆ, ತಾನು ಕ್ರೈಸ್ತಧರ್ಮವನ್ನು ಕಂಡಿದ್ದೆ, ಕ್ರಿಸ್ತನನ್ನು ಕಂಡದ್ದು ಈಗ ಎಂದು ಆಕೆಗೆ ಅನ್ನಿಸಿತು. ಅಂದರೆ ಹಳೆಯ ನಂಬಿಕೆ ಸಡಿಲವಾದ ದಿನದಿಂದ ಹೊಸ ನಂಬಿಕೆ ಗಟ್ಟಿಯಾಗುವ ತನಕ ಹದಿನೈದು ವರ್ಷ. ಯಾರಾದರೂ ಒಂದು ಮೂಟೆ ಅಕ್ಕಿಗೆ ಹದಿನೈದು ವರ್ಷ ತಲೆ ಕೆಡಿಸಿಕೊಳ್ಳುತ್ತಾರೆಯೇ?

1889ರಲ್ಲಿ ಆಕೆ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದರು. ವಿಧವೆ ಹುಡುಗಿಯರಿಗೆ ಶಾಲೆ, ವಸತಿ. ಧರ್ಮದ ವಿಷಯದಲ್ಲಿ ಸಂಸ್ಥೆ ಯಾರನ್ನೂ ಎಳೆಯುವುದಿಲ್ಲ ಎಂಬ ಮಾತು ಕೊಟ್ಟಿದ್ದರು. ಆದರೆ ಆಕೆ ತನ್ನ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂಡುತ್ತಿದ್ದರು. ಪತ್ರಿಕೆಗಳಲ್ಲಿ ಗದ್ದಲವಾಯಿತು. 1893ರಲ್ಲಿ ರಾನಡೆ, ಭಾಂಡಾರಕರ್ ಅಂಥವರು ಸಲಹಾ ಸಮಿತಿಯಿಂದ ಹೊರಬಂದರು. ಪಾಲಕರು ಎಷ್ಟೋ ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಈ ಭಾಗವನ್ನೂ ಮಕ್ಕಳಿಗೆ ಮುಚ್ಚಿಡದೆ ಹೇಳಿದೆವು. ಸ್ಟಾಫ್ ರೂಮಿನಲ್ಲಿ ನಮಗೇ ಒಮ್ಮತ ಇರಲಿಲ್ಲ. "ಆಸರೆಗೆ ಬಂದ ಮಕ್ಕಳ ಮುಂದೆ ಬಾಗಿಲು ತೆರೆದಿಡೋದೂ ಒಂದು ಪಾಠನೇ ಅಲ್ವಾ? ಪಾಲಕರು ಹೆದರಿದ್ದು ತಪ್ಪಲ್ಲ" ಎಂದು ಒಬ್ಬರು. "ತನ್ನ ಕೋಣೆಯಲ್ಲಿ ತಾನು ಪ್ರಾರ್ಥನೆ ಮಾಡೋಕೂ ಬಾಗಿಲು ಹಾಕ್ಕೋಬೇಕಾ?" ಎಂದು ಇನ್ನೊಬ್ಬರು. ಮಕ್ಕಳಲ್ಲೂ ಎರಡು ಪಕ್ಷವಾಯಿತು. ನಾವು ತೀರ್ಪು ಕೊಡಲಿಲ್ಲ. ಉಣ್ಣಿಸುವ ಕೈಯಲ್ಲಿ ಅಧಿಕಾರ ಇರುತ್ತದೆ ಎಂಬುದೂ ನಿಜ, ಒಬ್ಬರ ನಂಬಿಕೆ ಅವರ ಹಕ್ಕು ಎಂಬುದೂ ನಿಜ.

ಮುಂದಿನದು ಕೇಡಗಾಂವದ ಕಥೆ. 1896-97ರ ಬರದಲ್ಲಿ ರಮಾಬಾಯಿ ಮಧ್ಯ ಪ್ರಾಂತಕ್ಕೆ ಹೋಗಿ ಸುಮಾರು 300 ಹುಡುಗಿಯರನ್ನು ಕರೆತಂದರು. 1900ರ ಗುಜರಾತಿನ ಬರದ ಹೊತ್ತಿಗೆ ಮುಕ್ತಿಯಲ್ಲಿ ಎರಡು ಸಾವಿರದಷ್ಟು ಜನ. ಹೊಲ, ಗಾಣ, ನೇಕಾರಿಕೆ, ಮುದ್ರಣಾಲಯ, ಎಲ್ಲ ಹೆಂಗಸರ ಕೈಯಲ್ಲೇ. ಕುರುಡರಿಗೆ ಬ್ರೈಲ್ ಕಲಿಸಿದರು. ಫುಲ್ಹಾಮ್‌ನಲ್ಲಿ ಕಂಡದ್ದನ್ನು ಮರೆಯದೆ, ಊರು ತಳ್ಳಿದ ಹೆಂಗಸರಿಗೆ ಕೃಪಾ ಸದನ ಕಟ್ಟಿದರು. 1910ರ ದಶಕದಲ್ಲಿ ಮನೋರಮಾ ನಮ್ಮ ಪಕ್ಕದ ಗುಲಬರ್ಗಾದಲ್ಲೂ ಹುಡುಗಿಯರ ಶಾಲೆ ನಡೆಸಿದರು. ಕಿವಿ ಮಂದವಾಗುತ್ತಿದ್ದರೂ ರಮಾಬಾಯಿ ಗ್ರೀಕ್, ಹೀಬ್ರೂ ಕಲಿತು, ಓದು ಕಡಿಮೆ ಇರುವ ಹೆಂಗಸರಿಗೂ ತಿಳಿಯುವ ಮರಾಠಿಗೆ ಬೈಬಲ್ಲನ್ನು ತಂದರು. 1921ರಲ್ಲಿ ಮಗಳೂ ಹೋದಳು. 1922ರ ಏಪ್ರಿಲ್ 5ರಂದು, ಆ ಕೆಲಸ ಮುಗಿಯುವ ಹೊತ್ತಿಗೆ, ರಮಾಬಾಯಿ ತೀರಿಕೊಂಡರು. ನಂಬಿಕೆ ಬಂದ ಮೇಲೂ ಸಾವು ಆ ಮನೆಯ ಬಾಗಿಲು ಬಿಡಲಿಲ್ಲ. ಆದರೆ ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಸಾವಿರಾರು ಜನ ಬದುಕಿಕೊಂಡಿದ್ದರು.

ಕಥೆ ಮುಗಿದ ದಿನ ನಾವು ಮಕ್ಕಳಿಗೆ ಇನ್ನೊಂದು ಮಾತು ಹೇಳಿದೆವು. ಯಾರಾದರೂ ಅಕ್ಕಿಯ ಸಲುವಾಗಿಯೇ ಹೋದರು ಎಂದಿಟ್ಟುಕೊಳ್ಳಿ. ಆಗ ನಾಚಿಕೆ ಯಾರಿಗೆ? ಹೋದವರಿಗೋ, ಅಕ್ಕಿ ಕೊಡದೆ ಕಟ್ಟೆಯ ಮೇಲೆ ಮಾತಾಡುತ್ತ ಕೂತ ಊರಿಗೋ? ರಾಯಚೂರಿನ ಆ ತಾಯಿ ರೊಟ್ಟಿ ಕೊಟ್ಟರು, ಏನನ್ನೂ ಕೇಳಲಿಲ್ಲ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಮೂವತ್ತು ವರ್ಷ ಕಳೆದರೂ ರಮಾಬಾಯಿ ಆ ರೊಟ್ಟಿಯನ್ನು ಮರೆಯದೆ ಬರೆದಿಟ್ಟರು. ನಗೆ ಎಬ್ಬಿಸಿದ ಹುಡುಗ ಏನೂ ಮಾತಾಡಲಿಲ್ಲ. ನಾವೂ ಅವನನ್ನು ಎಬ್ಬಿಸಿ ನಿಲ್ಲಿಸಲಿಲ್ಲ. ಆಮೇಲೆ ವರ್ಗದಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಪಾಲಕರ ಸಭೆಗೆ ಹುಡುಗಿಯ ತಾಯಿ ಬಂದಿದ್ದರು. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು, "ಬಾಯಾರ, ಮಗಳು ಆ ರಮಾಬಾಯಾರ ಕಥಿ ಹೇಳಿದ್ಲರಿ" ಎಂದರು. ಸ್ವಲ್ಪ ತಡೆದು, "ನಾ ಭಾಳ ಓದಿದಾಕಿ ಅಲ್ರಿ. ಅವರು ಸತ್ತ ಮ್ಯಾಲ ಊರಾಗ ಎಲ್ಲಾರೂ ಸಾಲದ ಲೆಕ್ಕಾ ಕೇಳಿದ್ರು. ಅಲ್ಲಿ ಒಬ್ಬಾಕಿ 'ರಾತ್ರಿ ನಿದ್ದಿ ಬರ್ತದೇನವ್ವಾ' ಅಂತ ಕೇಳಿದ್ಲರಿ. ಅದಕ್ಕ ಹೋದೆ" ಎಂದರು. ನಾವು ಏನೂ ಹೇಳಲಿಲ್ಲ. ಹೇಳುವಂಥದ್ದು ಇರಲೂ ಇಲ್ಲ.

ನೊಂದವರು ಯಾವ ದೇವರ ಬಾಗಿಲಿಗೆ ಹೋಗಬೇಕು ಎಂದು ಹೇಳುವುದು ಶಿಕ್ಷಕರ ಕೆಲಸವಲ್ಲ. ಆದರೆ ಹೋದವರ ಮಕ್ಕಳು ನಮ್ಮ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂಡದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಅದಕ್ಕೆ ಕಥೆಯನ್ನು ಪೂರ್ತಿ ಹೇಳಬೇಕು.

ಗಡಿಯ ಆಚೆ ಈಚೆಯ ಕನ್ನಡ ಶಾಲೆಯ ಮಿತ್ರರೆ, ನಿಮ್ಮಲ್ಲೂ ಈ ಹೆಸರು ಪಾಠದಲ್ಲಿ ಬಂದರೆ ಒಂದು ನಕಾಶೆ ತೂಗುಹಾಕಿ. ಗಂಗಾಮೂಲ, ತಿರುಪತಿ, ರಾಯಚೂರು, ಝೇಲಂ, ಕಲ್ಕತ್ತೆ, ಸಿಲ್ಚಾರ್, ಪುಣೆ, ಕೇಡಗಾಂವ, ಒಂದೊಂದಾಗಿ ಗುರುತು ಹಾಕಿಸಿ. ಎಷ್ಟು ದೂರ ನಡೆದರು ಎಂಬುದು ಮಕ್ಕಳಿಗೆ ಆಗ ತಿಳಿಯುತ್ತದೆ. ಏಕೆ ನಡೆದರು ಎಂದು ಅವರೇ ಕೇಳುತ್ತಾರೆ. ಕೇಳಿದಾಗ ಪಾಠ ಮುಂದೆ ಓಡಿಸಬೇಡಿ, ಕೂತು ಹೇಳಿ.